ಸತ್ತವರ ಕೂಗನ್ನು ಕುರಿಗಳಿಗೆ ಕೇಳಿಸಬಾರದು

ಸ್ವಲ್ಪ ತಾಳಿ, ಇದರಲ್ಲಿ ಒಂದು ಕೂಗು ಬರುತ್ತದೆ. ಅಲ್ಲಿವರೆಗೂ ಓದಿ.

ನನಗೆ ಭಾಷೆಗಳ ಹುಚ್ಚು. ಹಗರಿಬೊಮ್ಮನಹಳ್ಳಿಯಿಂದ ಕೊಟ್ಟೂರಿಗೆ ಹೋಗುವ ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ಉಯ್ಲ್ತಾ ಕಲಿಯುತ್ತೇನೆ. ರಷ್ಯಾದ ಸಖಾಲಿನ್ ದ್ವೀಪದಲ್ಲಿ ಹಿಮಸಾರಂಗ ಸಾಕುತ್ತಿದ್ದವರ ಮಾತು ಅದು, ತುಂಗುಸಿಕ್ ಎಂಬ ಭಾಷಾಕುಟುಂಬದ್ದು. ಅದನ್ನು ಚೆನ್ನಾಗಿ ಆಡುವವರೆಲ್ಲ ನಮ್ಮ ಬಸ್ಸು ಹತ್ತಿದರೂ ಸೀಟುಗಳು ಖಾಲಿ ಉಳಿಯುತ್ತವೆ. ಕಲಿಸುವವರಿಲ್ಲ, ಹಳೆಯ ಧ್ವನಿಮುದ್ರಣಗಳೇ ಗತಿ. ಒಂದರಲ್ಲಿ ಒಬ್ಬ ಮುದುಕಿ ಕಥೆ ನಿಲ್ಲಿಸಿ ಹಿಮಸಾರಂಗಗಳನ್ನು ಕರೆಯುತ್ತಾಳೆ. ಗಂಟಲಲ್ಲಿ ಹುಟ್ಟಿ ಮೂಗಿನಲ್ಲಿ ಮುಗಿಯುವ ಕೂಗು. ಆಮೇಲೆ ಕೆಮ್ಮುತ್ತಾಳೆ.

ಒಂದು ಸಂಜೆ ನಮ್ಮ ಕುರಿರೊಪ್ಪದ ಬೇಲಿಗೆ ಒರಗಿ ಅದನ್ನು ಜೋರಾಗಿ ಹಾಕಿದೆ. ಮಲಗಿದ್ದ ಕುರಿಗಳು ಎದ್ದು ಫೋನಿನ ಕಡೆಗೆ ಮುಖ ಮಾಡಿ ನಿಂತವು. ಮರಿ ಕಟ್ಟುತ್ತಿದ್ದ ಅಜ್ಜಿ, ಆ ಹೆಂಗಸು ಇನ್ನೂ ಇದ್ದಾಳೇನು ಎಂದು ಕೇಳಿದಳು. ತೀರಿಕೊಂಡಿದ್ದಾಳೆ ಎಂದೆ.

"ಹಂಗಾರ ಬಂದ್ ಮಾಡಲೇ. ಸತ್ತಾರ ಕೂಗು ಕೇಳಿದ್ರ ಕುರಿ ಹುಡುಕ್ಕೊಂತ ಹೊಕ್ಕಾವು."

ನಮ್ಮಲ್ಲಿ ಕುರಿ ಕಾಯುವ ಒಬ್ಬೊಬ್ಬರಿಗೂ ಅವರದೇ ಕೂಗು. ಸತ್ತ ಮೇಲೆ ಅದನ್ನು ಬೇರೆಯವರು ಕೂಗುವಂತಿಲ್ಲ. ಅಜ್ಜನ ಕೂಗು ಹೇಗಿತ್ತೆಂದು ಅಪ್ಪನಿಗೆ ಗೊತ್ತು, ಆದರೆ ಬಾಯಿ ಬಿಡುವುದಿಲ್ಲ.

ಅಜ್ಜಿಯ ಗಂಟಲಲ್ಲಿ ಆಗಲೇ ಗಡ್ಡೆ ಇತ್ತು. ಆಪರೇಷನ್ ಆದರೆ ಜೀವ ಉಳಿಯುತ್ತದೆ, ಧ್ವನಿ ಉಳಿಯುವುದಿಲ್ಲ ಎಂದಿದ್ದರು ಡಾಕ್ಟರು. ದಾವಣಗೆರೆಗೆ ಹೋಗುವ ಮುಂಚೆ ಅವಳ ಕೂಗು ರೆಕಾರ್ಡ್ ಮಾಡುತ್ತೇನೆಂದು ಬೆನ್ನುಬಿದ್ದೆ. ನೀನು ಯಾರೋ ಮುದುಕಿಯ ಕೂಗು ಕಲಿತೆ, ನಮ್ಮ ಕುರಿ ಮಾತ್ರ ನಿನಗೆ ಕಿವಿಗೊಡುವುದಿಲ್ಲ ನೋಡು ಎಂದು ಮೊದಲು ಚುಚ್ಚಿದಳು. ಹೊರಡುವ ಬೆಳಿಗ್ಗೆ ತಾನೇ ರೊಪ್ಪದ ಬಾಗಿಲಿಗೆ ಕರೆದು ಕೂಗಿದಳು.

"ನಾ ಇರೋತನ ಹಾಕು. ಆಮ್ಯಾಲೆ ಅಳಿಸಿಬಿಡು."

ಈಗ ಅಜ್ಜಿ ಮನೆಯಲ್ಲಿದ್ದಾಳೆ, ಮಾತಿಲ್ಲ. ಸಂಜೆ ಕೈಸನ್ನೆ ಮಾಡುತ್ತಾಳೆ, ನಾನು ಫೋನು ಎತ್ತಿ ಹಿಡಿಯುತ್ತೇನೆ. ಗುಡ್ಡದಿಂದ ಕುರಿಗಳು ಓಡಿ ಬರುತ್ತವೆ, ಅವಳನ್ನು ದಾಟಿಕೊಂಡು ಫೋನಿನ ಹತ್ತಿರಕ್ಕೆ. ಅವಳು ಸುಮ್ಮನೆ ನಿಂತು ನೋಡುತ್ತಾಳೆ. ಒಂದು ಸಲ ಅವಳ ಬಾಯಿಯೂ ಆ ಕೂಗಿನ ಜೊತೆಗೇ ತೆರೆಯಿತು.

ಫೋನಿನಲ್ಲಿ ಎರಡೂ ಕೂಗುಗಳು ಒಂದರ ಕೆಳಗೊಂದು ಇವೆ. ಉಯ್ಲ್ತಾ ಮುದುಕಿಯದನ್ನು ಯಾರೂ ಅಳಿಸಬಾರದೆಂದು ನಾನೇ ಎಲ್ಲರಿಗೂ ಹೇಳುತ್ತಿದ್ದವನು. ಅಜ್ಜಿಯದನ್ನು ಅಳಿಸುತ್ತೇನೆಂದು ಅವಳ ಮುಂದೆ ತಲೆಯಾಡಿಸಿದ್ದೇನೆ. ಆಗುತ್ತದೋ ಇಲ್ಲವೋ ಗೊತ್ತಿಲ್ಲ.

ತೀರಿಕೊಂಡವರ ದನಿ ನಿಮ್ಮ ಫೋನಿನಲ್ಲೂ ಉಳಿದಿದೆಯಾ? ಹಾಕಿ ಕೇಳುತ್ತೀರಾ, ಅಳಿಸಿದ್ದೀರಾ? ದಯವಿಟ್ಟು ಬರೆದು ತಿಳಿಸಿ.