ಒದ್ದೆ ಸೋಮವಾರ

ವಸಂತ ಋತುವಿನ ಮೇಲೆ ನನಗೆ ಸಿಟ್ಟಿದೆ. ಹೇಳಿಕೊಳ್ಳಲು ಸಂಕೋಚವೇನೂ ಇಲ್ಲ. ಬೇಸಿಗೆಯನ್ನು ಬೈದರೆ ಜನ ತಲೆಯಾಡಿಸುತ್ತಾರೆ, ಚಳಿಗಾಲವನ್ನು ಬೈದರೆ ತಾವೂ ನಾಲ್ಕು ಮಾತು ಸೇರಿಸುತ್ತಾರೆ. ವಸಂತವನ್ನು ಬೈದರೆ ಮಾತ್ರ ಮನೆಯಲ್ಲಿ ಎಲ್ಲ ಸೌಖ್ಯವೇ ಎಂದು ವಿಚಾರಿಸುತ್ತಾರೆ. ನಮ್ಮ ಕವಿಗಳು ಸಾವಿರ ವರ್ಷದಿಂದ ಈ ಋತುವನ್ನು ಮುದ್ದು ಮಾಡಿ ಕೆಡಿಸಿಟ್ಟಿದ್ದಾರೆ. ಮಾವು ಚಿಗುರಬೇಕು, ಕೋಗಿಲೆ ಕೂಗಬೇಕು, ತಂಗಾಳಿ ಬೀಸಬೇಕು, ವಿರಹಿಗಳು ನರಳಬೇಕು. ನಾನು ಹುಟ್ಟಿ ಬೆಳೆದ ಬಾಗಲಕೋಟೆಯಲ್ಲಿ ಚೈತ್ರದ ಹೊತ್ತಿಗೆ ಬೀಸುತ್ತಿದ್ದದ್ದು ಒಲೆಯ ಬಾಯಿಂದ ಬಂದಂಥ ಗಾಳಿ. ನರಳುವವರು ಬೇಕಾದಷ್ಟಿದ್ದರು, ಆದರೆ ಸೆಖೆಗೆ.

ಜರ್ಸಿ ಸಿಟಿಗೆ ಬಂದ ಮೇಲೆ ಇನ್ನೊಂದು ಬಗೆಯ ಮೋಸ ಗೊತ್ತಾಯಿತು. ಮಾರ್ಚ್ ತಿಂಗಳ ಒಂದು ಬೆಳಗ್ಗೆ ಟೀವಿಯಲ್ಲಿ ಹವಾಮಾನ ಹೇಳುವವನು ಹಳದಿ ಟೈ ಕಟ್ಟಿಕೊಂಡು ಇವತ್ತಿನಿಂದ ಸ್ಪ್ರಿಂಗ್ ಎಂದು ಘೋಷಿಸುತ್ತಾನೆ. ಅದೇ ಹೊತ್ತಿಗೆ ನಾನು ಕೆಳಗಡೆ ಕಾರಿನ ಗಾಜಿನ ಮೇಲಿನ ಮಂಜನ್ನು ಕೆರೆಯುತ್ತಿರುತ್ತೇನೆ. ನಿಜವಾಗಿ ಹೂ ಬಿಡುವ ಹೊತ್ತಿಗೆ ಪರಾಗವೆಲ್ಲ ನನ್ನ ಮೂಗಿಗೇ ವಿಳಾಸ ಕೇಳಿಕೊಂಡು ಬರುತ್ತದೆ. ಲಿಫ್ಟಿನಲ್ಲಿ ಸಿಕ್ಕ ನೆರೆಯವರು "ಬ್ಯೂಟಿಫುಲ್ ಡೇ" ಎಂದರೆ ನಾನು ಸೀನುತ್ತೇನೆ. "ಬ್ಲೆಸ್ ಯೂ" ಎಂದು ಅವರು ಇಳಿದುಹೋಗುತ್ತಾರೆ. ಮೂರು ವರ್ಷದಲ್ಲಿ ಆ ಕಟ್ಟಡದ ಹದಿನಾಲ್ಕು ಮಹಡಿಗಳಲ್ಲಿ ನಾನು ಆಡಿದ ಮಾತುಕತೆ ಒಟ್ಟು ಸೇರಿಸಿದರೂ ಇಷ್ಟೇ.

ಅದು ವೈಟುಕೆ ಗಲಾಟೆಯ ಕಾಲ. ಹೊಸ ಶತಮಾನ ಬಂದರೆ ಕಂಪ್ಯೂಟರುಗಳಿಗೆ ಇಸವಿ ಗೊತ್ತಾಗದೆ ಜಗತ್ತೇ ನಿಂತುಹೋಗುತ್ತದೆ ಎಂದು ಎಲ್ಲರೂ ಹೆದರಿದ್ದರಿಂದ ನಮ್ಮಂಥವರಿಗೆ ಅನ್ನ ಸಿಕ್ಕಿತ್ತು. ನನ್ನ ಯಜಮಾನರು ಡಲ್ಲಾಸಿನಲ್ಲಿ ಒಂದು ಪ್ರಾಜೆಕ್ಟ್, ನಾನು ಇಲ್ಲಿ ಒಂದು ಪ್ರಾಜೆಕ್ಟ್, ಮದುವೆ ಎರಡರ ನಡುವೆ ಟೆಲಿಫೋನಿನಲ್ಲಿ. ಪಕ್ಕದ ಕ್ಯೂಬಿಕಲ್ಲಿನಲ್ಲಿ ಮಾರ್ತಾ ಎಂಬ ಪೋಲೆಂಡಿನ ಹುಡುಗಿ ಕೂರುತ್ತಿದ್ದಳು. ಇಡೀ ದಿನ ನಾವಿಬ್ಬರೂ ಎರಡು ಅಂಕಿಯ ಇಸವಿಗಳನ್ನು ನಾಲ್ಕು ಅಂಕಿಗೆ ತಿದ್ದುವುದು, ಊಟದ ಹೊತ್ತಿಗೆ ಅಮೆರಿಕದ ವಸಂತವನ್ನು ಬೈಯುವುದು. ಬೈಯುವುದರಲ್ಲಿ ನಾವು ಒಂದಾದರೂ ಕಾರಣ ಬೇರೆ ಬೇರೆ. ನನ್ನ ಪ್ರಕಾರ ವಸಂತವೇ ಒಂದು ಸುಳ್ಳು. ಅವಳ ಪ್ರಕಾರ ವಸಂತ ನಿಜ, ಆದರೆ ಅದು ಇರುವುದು ಅವಳ ಹಳ್ಳಿಯಲ್ಲಿ ಮಾತ್ರ. ಅಲ್ಲಿ ಆಫ್ರಿಕದಿಂದ ಕೊಕ್ಕರೆಗಳು ಹಾರಿ ಬಂದು ಹಳೆಯ ಗೂಡನ್ನೇ ಹುಡುಕಿಕೊಂಡು ಕೂರುತ್ತವಂತೆ. ಕಾಡಿನ ನೆಲದಲ್ಲಿ ಬಿಳಿ ಹೂ ಹಾಸಿದಂತೆ ಅರಳುತ್ತದಂತೆ. ಮಣ್ಣಿನಿಂದ ಸಹ ಬೇರೆ ವಾಸನೆ ಬರುತ್ತದಂತೆ. ಈ ಅಂತೆಗಳನ್ನು ಎರಡು ವರ್ಷ ಕೇಳಿದೆ.

ಮಾರ್ಚಿನಲ್ಲಿ ನಮ್ಮ ಮ್ಯಾನೇಜರ್ ಎಲ್ಲರನ್ನೂ ಕರೆದು, ದಸರೆ ದೀಪಾವಳಿಯ ಹೊತ್ತಿನಿಂದ ಯಾರಿಗೂ ರಜೆ ಇಲ್ಲ, ಬೇಕಾದವರು ಈಗಲೇ ತೆಗೆದುಕೊಳ್ಳಿ ಎಂದ. ದಸರೆ ದೀಪಾವಳಿ ಎಂದು ಅವನು ಅನ್ನಲಿಲ್ಲ, ಅದು ನನ್ನ ಅನುವಾದ. ನನಗೆ ಸಿಕ್ಕಿದ್ದು ಒಂಬತ್ತು ದಿನ, ಅಷ್ಟರಲ್ಲಿ ಬಾಗಲಕೋಟೆಗೆ ಹೋಗಿ ಬರುವುದಾಗದು. ಈಸ್ಟರ್‌ಗೆ ಪೋಲೆಂಡಿಗೆ ಹೋಗುತ್ತಿದ್ದೇನೆ, ನಮ್ಮ ಮನೆಗೇ ಬಾ ಎಂದು ಮಾರ್ತಾ ಕರೆದಳು. ನನಗೆ ಕೊಕ್ಕರೆಯೂ ಬೇಕಿರಲಿಲ್ಲ, ಬಿಳಿ ಹೂವೂ ಬೇಕಿರಲಿಲ್ಲ. ಮನೆ ಎಂಬ ಒಂದು ಪದಕ್ಕೆ ನಾನು ಸೋತೆ. ಮೂರು ವರ್ಷದಿಂದ ನಾನು ಯಾರ ಅಡುಗೆಮನೆಗೂ ಕೇಳದೆ ನುಗ್ಗಿರಲಿಲ್ಲ. ಒಂಬತ್ತು ದಿನವಾದರೂ ಯಾರದೋ ಮನೆಯವಳಾಗಿ ಇದ್ದು ಬರಬೇಕು ಎಂದು ಆಸೆಯಾಯಿತು. ಇದನ್ನೆಲ್ಲ ಹೇಳದೆ ಯಜಮಾನರಿಗೆ ಫೋನಿನಲ್ಲಿ ಬರೀ ವಸಂತ ನೋಡಲು ಹೋಗುತ್ತೇನೆ ಎಂದೆ.

"ಸಿಟ್ಟಾಗಾಕ ಅಷ್ಟ್ ದೂರ ಯಾಕ ಹೋಗ್ತಿ?" ಎಂದರು ಅವರು. "ಡಲ್ಲಾಸಿಗೆ ಬಾ, ನಾ ಅದೀನಿ."

ಹೋದೆ. ವಾರ್ಸಾದಿಂದ ರೈಲಿನಲ್ಲಿ ಮೂರು ಗಂಟೆ, ಆಮೇಲೆ ಮಾರ್ತಾಳ ಅಣ್ಣನ ಪುಟ್ಟ ಕಾರಿನಲ್ಲಿ ಒಂದು ಗಂಟೆ. ಆ ನಾಲ್ಕು ಗಂಟೆಯ ವಸಂತವನ್ನು ವಿವರಿಸುತ್ತೇನೆ ಕೇಳಿ: ಕೆಸರು. ಬಲಕ್ಕೆ ಕೆಸರಿನ ಹೊಲ, ಎಡಕ್ಕೆ ಕೆಸರಿನ ಹೊಲ, ನಡುವೆ ಎಲೆಯಿಲ್ಲದ ಬರ್ಚ್ ಮರಗಳು. ಆಕಾಶದಿಂದ ಬೀಳುತ್ತಿದ್ದದ್ದು ಮಳೆಯೂ ಅಲ್ಲ, ಹಿಮವೂ ಅಲ್ಲ, ಆಲಿಕಲ್ಲೂ ಅಲ್ಲ. ಮೂರೂ ಒಂದು ಒಪ್ಪಂದಕ್ಕೆ ಬಂದು ಒಟ್ಟಿಗೆ ಬೀಳುತ್ತಿದ್ದವು. ಕಾಡಿನ ಪಕ್ಕ ಹಾದುಹೋಗುವಾಗ ಬಿಳಿ ಹೂವೆಲ್ಲಿ ಎಂದು ಕೇಳಿದೆ. ಇನ್ನೊಂದು ವಾರ ಬೇಕು ಎಂದಳು ಮಾರ್ತಾ. ಮಣ್ಣಿನ ವಾಸನೆಯ ಬಗ್ಗೆ ನಾನೇ ಹೇಳಬಲ್ಲೆ, ಅದು ಸಗಣಿ ಗೊಬ್ಬರದ ವಾಸನೆ, ಬಾಗಲಕೋಟೆಯಲ್ಲೂ ಹೀಗೇ ಇರುತ್ತದೆ. ಊರ ಬಾಗಿಲಲ್ಲಿ ವಿದ್ಯುತ್ ಕಂಬದ ಮೇಲೆ ಬಂಡಿಯ ಗಾಲಿಯಷ್ಟಗಲದ ಗೂಡು, ಅದರಲ್ಲಿ ಒಂದು ಕೊಕ್ಕರೆ, ಬಸ್ ತಪ್ಪಿಸಿಕೊಂಡ ಗುಮಾಸ್ತನ ಹಾಗೆ ನೆನೆಯುತ್ತ ನಿಂತಿತ್ತು. ಮಾರ್ತಾ ಅಣ್ಣನಿಗೆ ಹೇಳಿ ಕಾರು ನಿಲ್ಲಿಸಿ, ನೋಡು ವಸಂತ ಬಂತು ಎಂದಳು. ಆಫ್ರಿಕದ ಬಿಸಿಲು ಬಿಟ್ಟು ಇಲ್ಲಿಗೆ ಬಂದ ಆ ಹಕ್ಕಿಯ ಬುದ್ಧಿಗೆ ಏನು ಹೇಳಬೇಕೋ ನನಗೆ ತಿಳಿಯಲಿಲ್ಲ. ನಾನೂ ಅದೇ ಕೆಲಸ ಮಾಡಿದ್ದೆನಲ್ಲ ಎಂಬುದು ಆಮೇಲೆ ಹೊಳೆಯಿತು.

ಮಾರ್ತಾಳ ತಾಯಿ ಹಲೀನಾ ಬಾಗಿಲಲ್ಲೇ ಕಾದಿದ್ದರು. ದಪ್ಪ ಗಾಜಿನ ಕನ್ನಡಕ, ತಲೆಗೆ ಕಟ್ಟಿದ ವಸ್ತ್ರ, ಮುಖದಲ್ಲಿ ಕಲೆಕ್ಟರ್ ಬಂದರೆ ಇರುವಂಥ ಗಾಂಭೀರ್ಯ. ನನಗೆ ಒಲೆಯಿರುವ ಬೆಚ್ಚಗಿನ ಕೋಣೆ ಕೊಟ್ಟು, ಮನೆಯವರೆಲ್ಲ ಇನ್ನೊಂದರಲ್ಲಿ ಒತ್ತೊತ್ತಾಗಿ ಮಲಗಿದರು. ನಾನು ಮಾಂಸ ತಿನ್ನುವುದಿಲ್ಲ ಎಂದು ಮೊದಲೇ ತಿಳಿದು, ಆಲೂಗಡ್ಡೆ ಮತ್ತು ಮೊಸರುಗಿಣ್ಣು ತುಂಬಿದ ಕಡುಬು ಮಾಡಿದ್ದರು. ಅವರೆಲ್ಲ ಅಂಚು ಕಿತ್ತುಹೋದ ಎನಾಮಲ್ ತಟ್ಟೆಯಲ್ಲಿ ಉಣ್ಣುವಾಗ ನನಗೆ ಮಾತ್ರ ಚಿನ್ನದ ಗೆರೆಯ ಪಿಂಗಾಣಿ ತಟ್ಟೆ. ಪಾತ್ರೆ ತೊಳೆಯಲು ಎದ್ದರೆ ಕೈ ಹಿಡಿದು ಕೂರಿಸುವರು. ಅಡುಗೆಮನೆಗೆ ಕಾಲಿಟ್ಟರೆ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ನಿಲ್ಲುವರು. ಇಷ್ಟು ಉಪಚಾರ ಮಾಡಿದವರ ಮೇಲೆ ಸಿಟ್ಟಾಗುವುದು ಕೃತಘ್ನತೆ. ಆದರೂ ಮೂರನೆಯ ದಿನದ ಹೊತ್ತಿಗೆ ನನಗೆ ಆ ಚಿನ್ನದ ಗೆರೆ ಕಂಡರೆ ಆಗುತ್ತಿರಲಿಲ್ಲ. ನಾನು ಬಂದದ್ದು ಮನೆಗೆ, ಇವರು ಇಟ್ಟದ್ದು ಗಾಜಿನ ಬೀರುವಿನಲ್ಲಿ.

ಭಾನುವಾರ ಈಸ್ಟರ್ ಊಟವಾದ ಮೇಲೆ ಮಾರ್ತಾ ಮರುದಿನದ ವಿಚಾರ ತೆಗೆದಳು. ಈಸ್ಟರ್ ಮಾರನೆಯ ದಿನ ಅವರಲ್ಲಿ ಒದ್ದೆ ಸೋಮವಾರ. ಬೆಳಗಾಗುತ್ತಲೇ ಎಲ್ಲರೂ ಎಲ್ಲರ ಮೇಲೂ ನೀರು ಸುರಿಯಬೇಕು. ಅದರಲ್ಲೂ ಹೆಣ್ಣುಮಕ್ಕಳನ್ನು ಬಿಡುವುದೇ ಇಲ್ಲ. ಒಣಗಿಕೊಂಡು ಉಳಿದವಳು ಯಾರಿಗೂ ಬೇಡವಾದವಳು ಎಂದು ಲೆಕ್ಕ. ಹೊರಗೆ ಅದೇ ಮೂರು ಬೆರೆತ ಮಳೆ ಸುರಿಯುತ್ತಿತ್ತು, ನನ್ನ ಮೂಗು ಆಗಲೇ ಕಟ್ಟಿತ್ತು. ಕೆಸರು, ಕೊಕ್ಕರೆ, ಪಿಂಗಾಣಿ ತಟ್ಟೆ ಎಲ್ಲದರ ಸಿಟ್ಟೂ ಒಟ್ಟಿಗೆ ಉಕ್ಕಿತು. ನನ್ನ ಮೇಲೆ ಯಾರೂ ಒಂದು ಹನಿ ಹಾಕಕೂಡದು ಎಂದು ಎದ್ದು ನಿಂತು ಭಾಷಣ ಮಾಡಿದೆ. ಆರೋಗ್ಯ, ನ್ಯುಮೋನಿಯ, ಪ್ರಯಾಣ, ಇನ್ಶೂರೆನ್ಸ್, ಏನೂ ಬಿಡಲಿಲ್ಲ. ಮಾರ್ತಾ ಅನುವಾದಿಸಿದಳು. ಹಲೀನಾ ಗಂಭೀರವಾಗಿ ತಲೆಯಾಡಿಸಿದರು.

ಸೋಮವಾರ ಮನೆ ಕಿರುಚಾಟದಿಂದಲೇ ಎದ್ದಿತು. ಅಣ್ಣ ಮಾರ್ತಾಳನ್ನು ಹಾಸಿಗೆಯಲ್ಲೇ ನೆನೆಸಿದ್ದ. ಅತ್ತಿಗೆ ಸೌಟು ಹಿಡಿದು ಅಣ್ಣನ ಹಿಂದೆ ಓಡುತ್ತಿದ್ದಳು. ಮಳೆ ನಿಂತು ಬಿಸಿಲು ಸಹ ಬಂದಿತ್ತು, ಇವರ ಪಕ್ಷ ವಹಿಸಿದಂತೆ. ನಾನು ರೇನ್‌ಕೋಟಿನ ಗುಂಡಿಯೆಲ್ಲ ಹಾಕಿಕೊಂಡು ಮಾರ್ತಾಳ ಜೊತೆ ಬೀದಿಗೆ ಹೊರಟೆ. ಬೇಲಿಯಾಚೆಯಿಂದ ಒಬ್ಬ ಮುದುಕ ಬಿಂದಿಗೆ ಎತ್ತಿದ, ನನ್ನನ್ನು ನೋಡಿ ತಡೆದ, ನನಗೊಂದು ನಮಸ್ಕಾರ ಹಾಕಿ, ಪಕ್ಕಕ್ಕೆ ಎರಡು ಹೆಜ್ಜೆ ಸರಿದು, ಒಂದು ಹನಿಯೂ ಸಿಡಿಯದಂತೆ ಮಾರ್ತಾಳ ಮೇಲಷ್ಟೇ ಸುರಿದ. ಮುಂದಿನ ಮನೆಯಲ್ಲೂ ಹೀಗೇ. ಅದರ ಮುಂದಿನ ಮನೆಯಲ್ಲೂ ಹೀಗೇ. ಚರ್ಚಿನಿಂದ ಬರುತ್ತಿದ್ದ ಪಾದ್ರಿಗೂ ಒಂದು ಚೊಂಬು ಬಿತ್ತು. ಇಡೀ ಊರಿಗೆ ಊರೇ ತೊಟ್ಟಿಕ್ಕುತ್ತ ನಗುತ್ತಿರುವಾಗ, ನಡುಬೀದಿಯಲ್ಲಿ ನಾನೊಬ್ಬಳು ಹಪ್ಪಳದ ಹಾಗೆ ಒಣಗಿ ನಿಂತಿದ್ದೆ.

ನಮ್ಮ ಬಾಗಲಕೋಟೆಯಲ್ಲಿ ಹೋಳಿಯ ಬಣ್ಣ ಎಂದರೆ ಒಂದು ದಿನಕ್ಕೆ ಮುಗಿಯುವ ವ್ಯವಹಾರವಲ್ಲ. ಬಂಡಿಯ ಮೇಲೆ ಬ್ಯಾರಲ್ಲುಗಟ್ಟಲೆ ಬಣ್ಣದ ನೀರು ಹೇರಿಕೊಂಡು ಓಣಿ ಓಣಿ ಸುತ್ತುತ್ತಾರೆ. ನಾನು ಪ್ರತಿವರ್ಷ ಬೇಡ ಬೇಡ ಎಂದು ಹಿತ್ತಲ ಬಾಗಿಲ ಹಿಂದೆ ಅಡಗುತ್ತಿದ್ದೆ, ಪ್ರತಿವರ್ಷ ನನ್ನ ಸೋದರತ್ತೆ ಜಡೆ ಹಿಡಿದು ಎಳೆದು ತರುತ್ತಿದ್ದಳು. ಒಂದು ವರ್ಷ ಅತ್ತೆ ಹುಡುಕಲು ಬರುವುದು ತಡವಾದಾಗ ನಾನೇ ಕೆಮ್ಮಿ ಸುಳಿವು ಕೊಟ್ಟದ್ದು ನೆನಪಾಯಿತು. ಇಲ್ಲಿ ಎಷ್ಟು ಕೆಮ್ಮಿದರೂ, ನ್ಯುಮೋನಿಯ ಎಂದು ಹೆದರಿ ಜನ ಇನ್ನೂ ದೂರ ಸರಿಯುತ್ತಿದ್ದರು.

ಅಂಗಳಕ್ಕೆ ವಾಪಸು ಬಂದು ಮಾರ್ತಾಳ ಮೇಲೆ ಹರಿಹಾಯ್ದೆ. ನಿಮ್ಮ ಊರಿನವರಿಗೆ ನಾನೇನು ಮಾಡಿದ್ದೇನೆ, ಯಾಕೆ ಯಾರೂ ನನ್ನ ಮೇಲೆ ಹಾಕುವುದಿಲ್ಲ ಎಂದು ಕೇಳಿದೆ. ಅವಳು ಕೂದಲು ಹಿಂಡಿಕೊಳ್ಳುತ್ತ ನನ್ನನ್ನೇ ನೋಡಿದಳು.

"ಬೇಡ ಅಂದದ್ದು ನೀನೇ ಅಲ್ವಾ? ಅಮ್ಮ ಬೆಳಗಿನ ಜಾವಾನೇ ಎದ್ದು ಮನೆಮನೆಗೂ ಹೋಗಿ ಹೇಳಿ ಬಂದಿದ್ದಾಳೆ, ನಮ್ಮ ಗೆಸ್ಟ್ ಮೇಲೆ ಒಂದು ಹನಿ ಬಿದ್ರೂ ನಾನು ಸುಮ್ಮನಿರಲ್ಲ ಅಂತ."

ಬೆಳಕು ಹರಿಯುವ ಮೊದಲು, ಆ ಕೆಸರಿನಲ್ಲಿ, ಆ ವಯಸ್ಸಿನಲ್ಲಿ. ಆದರೂ ಸಿಟ್ಟು ಇಳಿಯಲಿಲ್ಲ. ಇಷ್ಟು ಅಕ್ಕರೆಯಿಂದ ಹೊರಗಿಡುವವರನ್ನು ಏನೆಂದು ಬೈಯುವುದು? ಹಲೀನಾ ಬಾವಿಕಟ್ಟೆಯ ಬಳಿ ನಿಂತಿದ್ದರು, ಮೈಮೇಲೆ ಇನ್ನೂ ಒಂದು ಹನಿ ಬಿದ್ದಿರಲಿಲ್ಲ. ಆ ಮನೆಯಲ್ಲಿ ಅವರ ಮೇಲೆ ನೀರು ಹಾಕುವ ಧೈರ್ಯ ಯಾರಿಗೂ ಇದ್ದಂತಿರಲಿಲ್ಲ. ಯೋಚನೆ ಮಾಡಿದ್ದರೆ ನನಗೂ ಬರುತ್ತಿರಲಿಲ್ಲ. ಕಟ್ಟೆಯ ಮೇಲಿದ್ದ ಚೊಂಬು ತುಂಬಿ ಅವರ ನೆತ್ತಿಯ ಮೇಲೆ ಸುರಿದುಬಿಟ್ಟೆ.

ಅಣ್ಣ ಬಾಯಿ ತೆರೆದು ನಿಂತ. ಹಲೀನಾ ನಿಧಾನವಾಗಿ ಕನ್ನಡಕ ತೆಗೆದರು, ಸೆರಗಿಲ್ಲದ್ದರಿಂದ ಏಪ್ರನ್ನಿನಲ್ಲಿ ಒರೆಸಿದರು, ಮತ್ತೆ ಹಾಕಿಕೊಂಡು ನನ್ನ ಮುಖವನ್ನು ಮೊದಲ ಸಲ ನೋಡುವಂತೆ ನೋಡಿದರು. ನನ್ನ ರೇನ್‌ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದರು, ಕೋಟನ್ನು ಮಡಚಿ ಕಟ್ಟೆಯ ಮೇಲಿಟ್ಟರು. ಆಮೇಲೆ ಬಾವಿಯಿಂದ ಆಗಷ್ಟೇ ಸೇದಿದ ಬಕೆಟ್ಟನ್ನು ಎರಡೂ ಕೈಯಲ್ಲಿ ಎತ್ತಿ, ಪೂರ್ತಿ, ಒಂದೇ ಏಟಿಗೆ, ನನ್ನ ಮೇಲೆ ಹೊಯ್ದರು.

"ಯವ್ವಾ, ಜೀವಾ ತಗೀತಿಯೇನ ನಂದು!" ಎಂದು ಕೂಗಿದೆ. ಅಲ್ಲಿಗೆ ನಿಲ್ಲಲಿಲ್ಲ. ಅವರನ್ನು, ಅವರ ಬಾವಿಯನ್ನು, ಅವರ ವಸಂತವನ್ನು, ಹಲ್ಲು ಕಟಕಟ ಕಡಿಯುತ್ತ ಅಚ್ಚ ಬಾಗಲಕೋಟೆಯ ಭಾಷೆಯಲ್ಲಿ ಬೈದೆ. ಅವರೂ ಸೊಂಟದ ಮೇಲೆ ಕೈಯಿಟ್ಟುಕೊಂಡು ಪೋಲಿಷ್‌ನಲ್ಲಿ ತಿರುಗಿ ಬೈದರು, ನನ್ನ ತೋಳು ಹಿಡಿದು ಒಲೆಯ ಕಡೆಗೆ ಎಳೆಯುತ್ತಲೇ ಬೈದರು. ಮೂರು ವರ್ಷದಿಂದ ನಾನು ಯಾರ ಮುಖಕ್ಕೂ ಬೈದಿರಲಿಲ್ಲ. ಹೊರಗಿನವರ ಜೊತೆ ಬಾಳಲು ಎಕ್ಸ್‌ಕ್ಯೂಸ್ ಮಿ, ನೋ ಪ್ರಾಬ್ಲಮ್ ಎರಡೇ ಸಾಕು. ಬೈಯುವುದಕ್ಕೆ ಮನೆಯವರೇ ಬೇಕು. ನಮ್ಮಿಬ್ಬರ ನಡುವೆ ಮಾರ್ತಾ ನಡೆದು ಬರುತ್ತಿದ್ದಳು. ಎರಡು ಕಡೆಯ ಮಾತಿನಲ್ಲಿ ಒಂದನ್ನೂ ಅವಳು ಅನುವಾದ ಮಾಡಲಿಲ್ಲ, ನಾವಿಬ್ಬರೂ ಕೇಳಲಿಲ್ಲ.