ದಾರವಿಲ್ಲದ ಸೂಜಿಯ ಫೋಟೊ

ಸರ್ಕಾರಕ್ಕೆ ನಮ್ಮ ಮೇಲೆ ಅಕ್ಕರೆ ಉಕ್ಕಿದಾಗಲೆಲ್ಲ ಕೊಪ್ಪದ ನಮ್ಮ ಕಾಲೇಜಿಗೆ ಒಂದು ಹೊಸ ಬೋರ್ಡು ಬರುತ್ತಿತ್ತು. ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ನಾನು ಸೇರಿದಾಗ ಬಾಗಿಲ ಮೇಲೆ ‘ಉದ್ಯೋಗಾಧಾರಿತ ಶಿಕ್ಷಣ’ ಎಂದು ಬರೆದಿತ್ತು. ಪಿಯುಸಿಗೆ ಸಮ, ಆದರೆ ಮುಗಿಸಿದ ಮಾರನೆಯ ದಿನವೇ ಕೆಲಸ ಎಂದರು. ನಾನು ವಯರಿಂಗ್ ತೆಗೆದುಕೊಂಡೆ. ಇಡೀ ತರಗತಿಗೆ ನಾನೊಬ್ಬಳೇ ಹುಡುಗಿ. ಕೆಲಸ ಹಿಡಿಯುವುದು ಹೇಗೆಂದು ನಮಗೆ ಕಲಿಸುತ್ತಿದ್ದ ಮೇಷ್ಟ್ರು ಸ್ವತಃ ಅರೆಕಾಲಿಕ. ಬರುವ ಜೂನ್‌ನಲ್ಲಿ ತಮ್ಮ ಕೆಲಸ ಇರುತ್ತದೋ ಇಲ್ಲವೋ ಅವರಿಗೇ ಗೊತ್ತಿರಲಿಲ್ಲ. ಆ ಪಾಠವನ್ನು ಅವರಷ್ಟು ಅನುಭವದಿಂದ ಬೇರೆ ಯಾರು ತಾನೇ ಮಾಡಿಯಾರು?

ಪ್ರಾಯೋಗಿಕ ಪರೀಕ್ಷೆಯನ್ನು ಬೇಸಿಗೆಯಲ್ಲಿ, ಲೋಡ್ ಶೆಡ್ಡಿಂಗ್ ಹೊತ್ತಿಗೆ ಸರಿಯಾಗಿ ಇಟ್ಟರು. ಹಲಗೆಯ ಮೇಲೆ ವಯರ್ ಎಳೆದು, ಸ್ವಿಚ್ ಕೂರಿಸಿ, ಬಲ್ಬ್ ಉರಿಸಿ ತೋರಿಸಬೇಕು. ಯಾರ ಬಲ್ಬೂ ಉರಿಯಲಿಲ್ಲ. ಪರೀಕ್ಷಕರು ಬಹಳ ನ್ಯಾಯವಂತರು. “ಕರೆಂಟ್ ಇದ್ದಿದ್ರೆ ಉರೀತಿತ್ತು ಅಂತ ಇಟ್ಕೊಳ್ಳೋಣ” ಎಂದು ಎಲ್ಲರಿಗೂ ಒಂದೇ ಸಮ ಅಂಕ ಹಾಕಿ ಬಸ್ ಹಿಡಿದರು. ಹಗಲೂ ರಾತ್ರಿ ಓದಿದ ನಾನೂ, ಹೋಲ್ಡರ್ ತಲೆಕೆಳಗೆ ಕೂರಿಸಿದವನೂ ಒಂದೇ ದರ್ಜೆಯಲ್ಲಿ ಪಾಸಾದೆವು.

ಆದರೂ ನನಗೊಂದು ಆಸೆಯಿತ್ತು. ಪಾಸಾದವರಿಗೆಲ್ಲ ಟೆಸ್ಟರ್, ಕಟಿಂಗ್ ಪ್ಲೇಯರ್, ಡ್ರಿಲ್ ಮಿಷನ್ ಇರುವ ಪೆಟ್ಟಿಗೆ ಕೊಡುತ್ತಾರೆ ಎಂದಿದ್ದರು. ಸ್ವಂತ ಸಾಮಾನಿಲ್ಲದವರನ್ನು ವಯರಿಂಗ್‌ಗೆ ಯಾರೂ ಕರೆಯುವುದಿಲ್ಲ, ಹುಡುಗಿಯನ್ನಂತೂ ಕೇಳುವುದೇ ಬೇಡ. ಆ ಪೆಟ್ಟಿಗೆ ಸಿಕ್ಕರೆ ಕೆಲಸ, ಇಲ್ಲದಿದ್ದರೆ ಎರಡು ವರ್ಷ ನೀರಲ್ಲಿ ಹೋಮ.

ನರಸಿಂಹರಾಜಪುರದಲ್ಲಿ ಶಾಮಿಯಾನ ಹಾಕಿ, ಗಣ್ಯರಿಗೆಲ್ಲ ಹಾರ ಹಾಕಿ, ಹುಡುಗರಿಗೆ ಒಂದೊಂದೇ ಪೆಟ್ಟಿಗೆ ಕೊಟ್ಟರು. ನನ್ನ ಹೆಸರು ಕರೆದಾಗ ಇಬ್ಬರು ಸೇರಿ ಹೊಲಿಗೆ ಮಿಷನ್ ಹೊತ್ತು ತಂದರು.

“ಸರ್, ನಾನು ವಯರಿಂಗ್ ಓದಿದ್ದು.”

“ಮಹಿಳೆಯರಿಗೆ ಹೊಲಿಗೆ ಯಂತ್ರ ಅಂತಾನೇ ಆದೇಶದಲ್ಲಿದೆಯಮ್ಮಾ. ಸೈನ್ ಮಾಡು.”

ಸೈನ್ ಮಾಡಿದೆ. ಅಂಗಿಗೆ ಗುಂಡಿ ಹಾಕಲೂ ನನಗೆ ನೆಟ್ಟಗೆ ಬರುತ್ತಿರಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ನನ್ನೂರು ಶೆಟ್ಟಿಕೊಪ್ಪದವನೇ ಆದ ಒಬ್ಬ ಸಹಪಾಠಿ ಪಕ್ಕಕ್ಕೆ ಬಂದ. “ಎಂತ ಮಾರಾಯ್ತಿ, ಅಳ್ತಾ ಕೂತೀಯ? ನಾ ನಾಡಿದ್ದಿಂದ ಹೋಟ್ಲಲ್ಲಿ ಸಪ್ಲಯರ್. ಈ ಡ್ರಿಲ್ಲಲ್ಲಿ ಸಾಂಬಾರ್ ತಿರುಗಿಸ್ಲಾ? ನಮ್ಮಮ್ಮಂಗೆ ಹೊಲಿಗೆ ಬರ್ತದೆ, ಮಿಷನ್ ಇಲ್ಲ. ಬದಲು ಮಾಡ್ಕಳಣ.” ಯೋಜನೆ ಮಾಡಿದವರಿಗೆ ಹೊಳೆಯದ್ದು ನಮ್ಮೂರ ಬಸ್ ಸ್ಟಾಪಿನಲ್ಲಿ ಎರಡು ನಿಮಿಷಕ್ಕೆ ಮುಗಿಯಿತು.

ನನ್ನ ಮೊದಲ ಕೆಲಸವೂ ಅವರ ಮನೆಯದೇ. ಮಿಷನ್ ಇಟ್ಟ ಮೂಲೆ ಕತ್ತಲು. ಹಳೆಯ ವಯರನ್ನೆಲ್ಲ ಕಿತ್ತು, ಗೋಡೆಗೆ ಮರದ ಪಟ್ಟಿ ಹೊಡೆದು ಹೊಸ ವಯರ್ ಎಳೆದು, ಮಿಷನ್ನಿನ ಮೇಲೆ ಸರಿಯಾಗಿ ಒಂದು ಬಲ್ಬ್ ಇಳಿಬಿಟ್ಟೆ. ಸಂಜೆ ಕರೆಂಟ್ ಬಂತು, ಬಲ್ಬ್ ಉರಿಯಿತು. ನಾನು ಕಲಿತದ್ದು ಸುಳ್ಳಲ್ಲ ಎಂದು ನನಗೆ ಗೊತ್ತಾದದ್ದು ಅವತ್ತು. ಖುಷಿಗೆ ಆರಿಸಿ ಹಾಕಿ, ಆರಿಸಿ ಹಾಕಿ ನೋಡಿದೆ. “ಸಾಕು ಮಾರಾಯ್ತಿ, ಸ್ವಿಚ್ ಸತ್ತೇ ಹೋಗ್ತದೆ” ಎಂದು ಅವನ ಅಮ್ಮ ನಕ್ಕರು. ಅದನ್ನು ನೋಡಿ ಅಕ್ಕಪಕ್ಕದ ಮೂರು ಮನೆಯವರು ನನ್ನನ್ನು ಕರೆದರು.

ಅಷ್ಟರಲ್ಲಿ ಪರಿಶೀಲನೆ ಬಂತು. ಕೊಟ್ಟ ಸಾಮಾನನ್ನು ಪಡೆದವರೇ ಬಳಸುತ್ತಿದ್ದಾರೋ ನೋಡಿ ಫೋಟೊ ತೆಗೆಯಬೇಕು, ಬಳಸದಿದ್ದರೆ ವಾಪಸು ಒಯ್ಯಬೇಕು. ಇಲಾಖೆಯ ಸಾಹೇಬರಿಗೆ ಮಧ್ಯಾಹ್ನದ ಪ್ರಸಾದದ ಹೊತ್ತಿಗೆ ಶೃಂಗೇರಿ ಮುಟ್ಟುವ ಅವಸರ. ನಮ್ಮ ಮನೆಗೆ ಜೀಪು ಹತ್ತುವುದಿಲ್ಲವೆಂದು ಇಬ್ಬರಿಗೂ ಸಾಮಾನಿನ ಸಮೇತ ಅವನ ಮನೆಯಲ್ಲೇ ಇರಲು ಹೇಳಿ ಕಳಿಸಿದ್ದರು. ಅವನು ಹೋಟೆಲಿಗೆ ರಜೆ ಹಾಕಿ ಬಂದು, ಡ್ರಿಲ್ಲಿನ ಹಿಡಿ ಯಾವುದು, ಮೂತಿ ಯಾವುದು ಎಂದು ನನ್ನನ್ನೇ ಕೇಳಿ, ಅದನ್ನು ಎತ್ತಿಕೊಂಡು ನಿಂತ. ನಾನು ಅವನ ಅಮ್ಮನ ಮಿಷನ್ ಮುಂದೆ ಕೂತೆ. ಗಡಿಬಿಡಿಯಲ್ಲಿ ಸೂಜಿಗೆ ದಾರವನ್ನೂ ಪೋಣಿಸಿರಲಿಲ್ಲ.

ಸಾಹೇಬರು ಬಂದರು. ಫೋಟೊಕ್ಕೆ ಬೆಳಕು ಸಾಲದೆಂದು ಯಾರೋ ಸ್ವಿಚ್ ಹಾಕಿದರು. ಸಾಹೇಬರು ತಲೆಯೆತ್ತಿದರು. “ವಯರಿಂಗ್ ಅಂದ್ರೆ ಇದು ನೋಡಿ! ಎಷ್ಟು ನೀಟಾಗಿದೆ. ನಿಂದೇನಪ್ಪಾ?”

ಅವನು ನನ್ನ ಮುಖ ನೋಡಿದ. ‘ನನ್ನದು’ ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಆಡಿದರೆ ನನ್ನ ಪೆಟ್ಟಿಗೆಯೂ ಹೋಯಿತು, ಅವನ ಅಮ್ಮನ ಮಿಷನ್ನೂ ಹೋಯಿತು. ಸಿಟ್ಟನ್ನೆಲ್ಲ ಕಾಲಿಗೆ ಇಳಿಸಿ ಪೆಡಲ್ ತುಳಿದೆ. ಬರಿಯ ಸೂಜಿ ಬಟ್ಟೆಯ ಮೇಲೆ ಟಕಟಕ ಓಡಿತು.

“ಹೌದು ಸರ್” ಎಂದ ಅವನು, ನೆಲ ನೋಡುತ್ತ.

ಸಾಹೇಬರು ಅವನ ಬೆನ್ನು ತಟ್ಟಿದರು. ನನಗೆ, “ಹೀಗೇ ಹೊಲೀತಾ ಇರಮ್ಮಾ” ಎಂದರು.

ಕೆಲವು ತಿಂಗಳ ಮೇಲೆ ಇಲಾಖೆಯ ಪುಸ್ತಿಕೆ ಬಂತು. ಅದರಲ್ಲಿ ನನ್ನ ಫೋಟೊ, ಕೆಳಗೆ ‘ಹೊಲಿಗೆಯಿಂದ ಸ್ವಾವಲಂಬಿಯಾದ ಯುವತಿ’ ಎಂಬ ಸಾಲು. ಹರಿದು ಒಲೆಗೆ ಹಾಕೋಣವೆಂದಿದ್ದೆ, ಅಮ್ಮ ಬಿಡಲಿಲ್ಲ. ಆ ಪುಟವನ್ನು ಕತ್ತರಿಸಿ ಜಗಲಿಯ ಗೋಡೆಗೆ ಅಂಟಿಸಿದರು. ಬಂದವರು ಅದನ್ನು ನೋಡಿ, “ಓ, ನಿಮ್ಮ ಮಗಳು ಹೊಲೀತಾಳಾ?” ಎಂದರೆ ಸಾಕು, ಅಮ್ಮ ಎದ್ದು ಹೋಗಿ ಫೋಟೊದಲ್ಲಿ ನನ್ನ ತಲೆಯ ಮೇಲೆ ಉರಿಯುತ್ತಿದ್ದ ಬಲ್ಬಿಗೆ ಬೆರಳಿಡುತ್ತಿದ್ದರು.

“ಮಿಷನ್ ಬಿಡಿ, ಇಲ್ಲಿ ನೋಡಿ. ಇದು ನಮ್ಮ ಕೂಸು ಹಾಕಿದ್ದು.”