ಹೊಸದುರ್ಗಕ್ಕೆ ದತ್ತು ಹೋದ ರಾಗಿ

ಆಷಾಢದ ಒಂದು ಭಾನುವಾರ ಬೆಳಿಗ್ಗೆ ಏಳಕ್ಕೆ ಚಿತ್ರದುರ್ಗದಿಂದ ಹಿರಿಯೂರಿನ ಬಸ್ಸು ಹತ್ತಿದೆ. ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿತ್ತು. ಚೀಲದಲ್ಲಿ ನೀರು, ಗಾಯಕ್ಕೆ ಹಚ್ಚುವ ಮುಲಾಮು, ನಾಯಿಗೆ ಕಟ್ಟುವ ಎರಡು ಹಗ್ಗ ಮತ್ತು ಒಂದಷ್ಟು ಖಾಲಿ ಅರ್ಜಿ ಫಾರಂ ಇದ್ದವು. ಪಕ್ಕದಲ್ಲಿ ರುದ್ರಣ್ಣ. ಅವರು ಪಶು ಆಸ್ಪತ್ರೆಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವ ಡ್ರೆಸ್ಸರ್ ಆಗಿದ್ದು ನಿವೃತ್ತರಾದವರು. ನಾನು ಹೊಲಿಗೆ ಕಲಿಸುವವಳು. ಅವರಿಗೆ ಸಿಟ್ಟೇ ಬರುವುದಿಲ್ಲ, ನನಗೆ ಬಂದರೆ ಇಳಿಯುವುದಿಲ್ಲ. ಹಾಗಾಗಿ ಊರೂರು ತಿರುಗುವ ಕೆಲಸಕ್ಕೆ ನಮ್ಮಿಬ್ಬರನ್ನೇ ಜೋಡಿ ಮಾಡಿ ಕಳಿಸುತ್ತಿದ್ದರು.

ಬೀದಿಯಲ್ಲಿ ಅನಾಥವಾದ ನಾಯಿಗಳನ್ನು ಎತ್ತಿ ತಂದು ಸಾಕುವ ಗುಂಪು ನಮ್ಮದು. ಒಟ್ಟು ಆರು ಜನ. ಸ್ವಂತ ಜಾಗವಿಲ್ಲ, ಶೆಡ್ಡಿಲ್ಲ. ಮರಿಗಳು ಚೇತರಿಸಿಕೊಳ್ಳುವವರೆಗೆ ನಮ್ಮ ನಮ್ಮ ಮನೆಗಳಲ್ಲೇ ಇರುತ್ತಿದ್ದವು, ಆಮೇಲೆ ಕೇಳಿದವರಿಗೆ ದತ್ತು ಕೊಡುತ್ತಿದ್ದೆವು. ಸುಮ್ಮನೆ ಕೊಡುತ್ತಿರಲಿಲ್ಲ. ಬೆಂಗಳೂರಿನ ಯಾವುದೋ ಗುಂಪಿನ ಫಾರಂ ತರಿಸಿ, ಕನ್ನಡಕ್ಕೆ ಇಳಿಸಿ, ಜೆರಾಕ್ಸ್ ಮಾಡಿಸಿಟ್ಟುಕೊಂಡಿದ್ದೆವು. ಖಾಯಂ ವಿಳಾಸ? ಸ್ವಂತ ಮನೆಯೇ? ಕಾಂಪೌಂಡ್ ಇದೆಯೇ? ಗೇಟ್ ಇದೆಯೇ? ಕಾಂಪೌಂಡ್ ಇಲ್ಲದವರಿಗೆ ನಾಯಿಯಿಲ್ಲ. ಈ ನಿಯಮ ಹಾಕಿದವಳು ನಾನೇ, ಅದನ್ನು ಹೆಮ್ಮೆಯಿಂದ ಹೇಳಿಕೊಂಡು ಓಡಾಡುತ್ತಿದ್ದವಳೂ ನಾನೇ.

ಐಮಂಗಲದ ಹತ್ತಿರ ಹೆದ್ದಾರಿ ಅಗಲ ಮಾಡುವ ಕೆಲಸ ನಡೆದಿತ್ತು. ಬಸ್ಸು ಅರ್ಧ ಗಂಟೆ ನಿಂತಿತು. ಗಾಳಿಗೆ ಕೆಂಪು ಧೂಳು ಕಿಟಕಿಯಿಂದ ನುಗ್ಗಿ ಬಾಯೊಳಗೆಲ್ಲ ಕರಕರ. ರಾಗಿ ನನಗೆ ಸಿಕ್ಕಿದ್ದು ಇಲ್ಲಿಯೇ, ಹಿಂದಿನ ದೀಪಾವಳಿಯ ಹೊತ್ತಿಗೆ. ತಾಯಿ ಲಾರಿಗೆ ಸಿಕ್ಕಿ ಸತ್ತಿತ್ತು. ರಾಗಿಹಿಟ್ಟಿನ ಬಣ್ಣದ ಹೆಣ್ಣುಮರಿ ಅದರ ಪಕ್ಕದಲ್ಲಿ ಕೂತಿತ್ತು. ಮೂರು ತಿಂಗಳು ನನ್ನ ಹೊಲಿಗೆ ಮಿಷನ್ನಿನ ಕೆಳಗೆ ಬೆಳೆಯಿತು. ಮಾಘದಲ್ಲಿ ಹೊಸದುರ್ಗದ ಪರಮೇಶಪ್ಪ ಎಂಬ ಸರ್ಕಾರಿ ನೌಕರರಿಗೆ ಕೊಟ್ಟೆ. ಅದನ್ನು ನೋಡಲೆಂದೇ ಈ ಪ್ರಯಾಣ. ತಿಂಗಳೊಳಗೆ ಹೋಗಿ ನೋಡಬೇಕೆಂಬುದು ನಿಯಮ, ನಾನು ಹೊರಟದ್ದು ಐದು ತಿಂಗಳಿಗೆ. ಫೋನ್ ಮಾಡಿದಾಗಲೆಲ್ಲ "ಚೆನ್ನಾಗೈತೆ ಮೇಡಂ" ಅಂದಿದ್ದರು, ನಂಬಿಕೊಂಡು ಕೂತಿದ್ದೆ.

ಹಿರಿಯೂರಿನಲ್ಲಿ ಇಡ್ಲಿ ವಡೆ ತಿಂದು ಮೊದಲು ಭೀಮನನ್ನು ನೋಡಿದೆವು. ಅದೂ ನಾವು ಕೊಟ್ಟ ನಾಯಿಯೇ. ದೊಡ್ಡ ಗೇಟು, ದೊಡ್ಡ ಅಂಗಳ, ಅಂಗಳದ ಮೂಲೆಯಲ್ಲಿ ಎರಡು ಅಡಿ ಸರಪಳಿ, ಸರಪಳಿಯ ತುದಿಗೆ ಭೀಮ. ಕತ್ತಿನ ಕೂದಲು ಉದುರಿ ಚರ್ಮ ಕೆಂಪಗಾಗಿತ್ತು. "ಇಷ್ಟು ಜಾಗ ಇಟ್ಕಂಡು ಹಿಂಗೆ ಕಟ್ತೀರಲ್ಲ?" ಎಂದೆ. ಮನೆಯ ಯಜಮಾನಿ, "ಬಿಟ್ರೆ ಗಿಡ ಎಲ್ಲ ಹಾಳು ಮಾಡ್ತೈತ್ರಿ" ಎಂದರು. ಅಂಗಳದಲ್ಲಿದ್ದದ್ದು ನಾಲ್ಕು ಕ್ರೋಟನ್ ಗಿಡ. ನಾನು ಬಾಯಿ ತೆರೆಯುವಷ್ಟರಲ್ಲಿ ರುದ್ರಣ್ಣ ಸರಪಳಿ ಬಿಚ್ಚಿ, ಉದ್ದದ ಹಗ್ಗ ಕಟ್ಟಿ, ಮುಲಾಮು ಹಚ್ಚಿ, ನಗುನಗುತ್ತಾ ನಾಲ್ಕು ಒಳ್ಳೆಯ ಮಾತು ಹೇಳಿ ನನ್ನನ್ನು ಹೊರಗೆ ಕರೆತಂದರು. ಸರಪಳಿಯನ್ನು ನಾನು ಕೇಳದೆ ಚೀಲಕ್ಕೆ ಹಾಕಿಕೊಂಡಿದ್ದೆ.

ಹೊಸದುರ್ಗಕ್ಕೆ ಖಾಸಗಿ ಬಸ್ಸು ಎರಡು ಗಂಟೆ ತೆಗೆದುಕೊಂಡಿತು. ನಿಂತೇ ಹೋದೆವು. ಗುಡ್ಡದ ಮೇಲೆ ಹೊಸದಾಗಿ ನಿಲ್ಲಿಸಿದ ಗಾಳಿಯಂತ್ರಗಳು ತಿರುಗುತ್ತಿದ್ದವು. ರುದ್ರಣ್ಣ ಅವನ್ನು ಎಣಿಸುತ್ತಾ ಬಂದರು, ನಾನು ಭೀಮನ ಕತ್ತನ್ನೇ ನೆನೆಯುತ್ತಾ ಬಂದೆ.

ಪರಮೇಶಪ್ಪನವರ ಮನೆ ಗುರುತೇ ಸಿಗಲಿಲ್ಲ. ಮಾಘದಲ್ಲಿ ನಾವು ಬಂದಾಗ ಗೋಡೆ ಕಿಟಕಿಯ ಮೇಲಿನ ಸಜ್ಜಾ ಮಟ್ಟಕ್ಕೆ ಎದ್ದಿತ್ತು, ಕಾಂಪೌಂಡ್ ಮಾತ್ರ ಮುಗಿದಿತ್ತು. ಈಗ ಗುಲಾಬಿ ಬಣ್ಣ, ಬಾಗಿಲಲ್ಲಿ ಗೃಹಪ್ರವೇಶದ ಒಣಗಿದ ಮಾವಿನ ತೋರಣ. ಒಳಗೆ ಮುಖ ಕಾಣುವಂಥ ಗ್ರಾನೈಟು. ಪರಮೇಶಪ್ಪ ಕೂರಿಸಿ ಕಾಫಿ ತರಿಸಿದರು. ನಾನು ಅತ್ತಿತ್ತ ನೋಡಿದೆ. ಬಟ್ಟಲಿಲ್ಲ, ಹಗ್ಗವಿಲ್ಲ, ಬಾಲವಿಲ್ಲ.

"ರಾಗಿ ಎಲ್ಲಿ?" ಎಂದೆ.

"ಓ, ಆ ನಾಯಿನಾ? ಕಳಿಸಿಬಿಟ್ವಿ ಮೇಡಂ. ಗ್ರಾನೈಟ್ ಮ್ಯಾಲೆ ಉಗುರಿನ ಗೀರು ಬೀಳ್ತಾವೆ ನೋಡ್ರಿ. ಮನೆ ಕಟ್ಟೋವಾಗ ಸಿಮೆಂಟು, ಕಬ್ಬಿಣ ಕಾಯಾಕೆ ಬೇಕಾಗಿತ್ತು, ಚೆನ್ನಾಗೇ ಕಾಯ್ತು. ಸುಳ್ಳು ಹೇಳಬಾರ್ದು, ಒಂದು ಸರಳೂ ಹೋಗ್ಲಿಲ್ಲ."

"ಎಲ್ಲಿಗೆ ಕಳಿಸಿದ್ರಿ?"

"ತಾರಸಿಗೆ ತಂದಿದ್ದ ಸೆಂಟ್ರಿಂಗ್ ಹಲಗೆ ಹೊಳಲ್ಕೆರೆಗೆ ವಾಪಸ್ ಹೋಗ್ತಿದ್ವು. ಅದೇ ಟೆಂಪೋಗೆ ಹಾಕಿ ಕಳಿಸಿದ್ವಿ."

ಬಾಡಿಗೆ ಹಲಗೆಯ ಜೊತೆಗೆ ಬಾಡಿಗೆ ನಾಯಿ. ಆತ ಅಷ್ಟಕ್ಕೇ ನಿಲ್ಲಿಸಲಿಲ್ಲ. "ಮುಂದಿನ ವರ್ಷ ಮ್ಯಾಲೊಂದು ಅಂತಸ್ತು ಎಬ್ಬಿಸ್ತೀವಿ. ಆಗ ಇನ್ನೊಂದು ಕೊಡ್ರಿ. ಗಂಡಾದ್ರೆ ವಾಸಿ."

ಕಾಫಿ ಲೋಟವನ್ನು ಆ ಗ್ರಾನೈಟಿನ ಮೇಲೆ ಬೋರಲು ಹಾಕಿ ಎದ್ದುಬಿಟ್ಟೆ. ಇದನ್ನು ಬರೆಯುವಾಗಲೂ ನನಗೆ ನಾಚಿಕೆಯಿಲ್ಲ. "ನೀವು ಸಹಿ ಹಾಕಿದ್ರಿ. ಸಾಯೋವರೆಗೂ ಸಾಕ್ತೀನಿ ಅಂತ ಬರ್ದುಕೊಟ್ಟಿದ್ರಿ" ಎಂದು ಕೂಗಿದೆ. ಆತ ನಿಜಕ್ಕೂ ಆಶ್ಚರ್ಯದಿಂದ ರುದ್ರಣ್ಣನ ಕಡೆ ತಿರುಗಿ, "ಬೀದಿ ನಾಯಿ ತಾನೇ ಸಾರ್? ಬೀದಿಗೆ ಹೋಯ್ತು, ಇವ್ರಿಗೇನಾಯ್ತು?" ಎಂದು ಕೇಳಿದರು. ರುದ್ರಣ್ಣ ಅಂದು ಮೊದಲ ಸಲ ನಗದೆ, ಎದ್ದು ಹೋಗಿ ಚಪ್ಪಲಿ ಮೆಟ್ಟಿಕೊಂಡರು.

ಹೊಳಲ್ಕೆರೆಗೆ ಸುಮಾರು ಮೂವತ್ತು ಕಿಲೋಮೀಟರು. ಊಟ ಮಾಡಲಿಲ್ಲ. ನಿಲ್ದಾಣದಲ್ಲಿ ರುದ್ರಣ್ಣ ಕೊಡಿಸಿದ ಮಂಡಕ್ಕಿ ಪೊಟ್ಟಣ ಕೈಯಲ್ಲೇ ಮೆತ್ತಗಾಯಿತು. ದಾರಿಯುದ್ದಕ್ಕೂ ರಸ್ತೆ ಬದಿಯ ಪ್ರತಿ ಕಂದು ನಾಯಿಯನ್ನೂ ಕಿಟಕಿಯಿಂದ ನೋಡಿದೆ. ಸಂತಾನಹರಣದ ಶಸ್ತ್ರಚಿಕಿತ್ಸೆಯಾಗಿದೆ, ಸೂಜಿ ಹಾಕಿಸಿದೆ, ಆದರೆ ಊರು ಗೊತ್ತಿಲ್ಲದ ನಾಯಿಯನ್ನು ಊರ ನಾಯಿಗಳು ಬಿಡುತ್ತವೆಯೇ? ಬದುಕಿದ್ದರೆ ಸಾಕು, ಹಗ್ಗ ಕಟ್ಟಿ ಇಂದೇ ಮನೆಗೆ ಕರೆದುಕೊಂಡು ಹೋಗುತ್ತೇನೆ, ಇನ್ನು ಯಾರಿಗೂ ಕೊಡುವುದಿಲ್ಲ ಎಂದು ರುದ್ರಣ್ಣನಿಗೆ ಮೂರು ಸಲ ಹೇಳಿದೆ.

ಸೆಂಟ್ರಿಂಗ್ ಸಾಮಾನು ಬಾಡಿಗೆಗೆ ಕೊಡುವ ಗೋದಾಮು ಹುಡುಕಲು ಕಷ್ಟವಾಗಲಿಲ್ಲ. ಅಲ್ಲಿದ್ದ ಮುದುಕ ಹಲಗೆಗಳಿಂದ ಮೊಳೆ ಕೀಳುತ್ತಿದ್ದ. "ಒಂದು ರಾತ್ರಿ ಇಲ್ಲೇ ಹಲಗೆ ಸಂದಿಗೆ ಕುಂತಿತ್ತು ಕಣವ್ವ, ಹೊರಗೇ ಬರ್ಲಿಲ್ಲ. ಮಾರ್ನೆ ದಿನ ಒಬ್ಳು ಗಾರೆ ಕೆಲಸದಾಕಿ ಹುಡುಕ್ಕಂಡು ಬಂದ್ಲು. ಹೊಸದುರ್ಗದಿಂದ ಬಂದೀನಿ ಅಂದ್ಲು. ನಾಯಿ ಅವಳ ದನಿ ಕೇಳಿದ್ದೇ ತಡ, ನನ್ನ ಕೆಡವ್ಕಂಡು ಓಡ್ತು. ತಾಳ್ಯದ ದಾರೀಲಿ ಗೋಡೌನು ಕಟ್ತಾವ್ರೆ, ಅಲ್ಲವಳೆ."

ಆಟೋ ಹತ್ತಿದೆವು. ಬಯಲಿನಲ್ಲಿ ಅರ್ಧ ಎದ್ದ ಕಟ್ಟಡ, ಪಕ್ಕದಲ್ಲಿ ತಗಡಿನ ಗುಡಿಸಲು. ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ಪೈಪು ಹಿಡಿದು ಗೋಡೆಗೆ ನೀರು ಹಾಯಿಸುತ್ತಿದ್ದಳು. ಅವಳ ಹಿಂದೆ ಹಿಂದೆಯೇ ರಾಗಿ, ಒದ್ದೆಯಾಗಿ, ಬಾಲ ಎತ್ತಿಕೊಂಡು, ಮೈತುಂಬಿಕೊಂಡು. "ರಾಗೀ" ಎಂದೆ. ಓಡಿ ಬಂದು ನನ್ನ ಕೈ ನೆಕ್ಕಿತು, ಸೀರೆಯನ್ನೆಲ್ಲ ಕೆಸರು ಮಾಡಿತು. ಆ ಹೆಂಗಸು "ಕೆಂಪೀ" ಎಂದಳು. ನಾಯಿ ನನ್ನನ್ನು ಬಿಟ್ಟು ತಿರುಗಿ ಹೋಗಿ ಅವಳ ಕಾಲ ಬಳಿ ಕೂತಿತು.

"ಬರ್ರಿ ಅಕ್ಕಾರೆ, ಕುಂತ್ಕಳ್ರಿ" ಎಂದು ಅವಳು ಇಟ್ಟಿಗೆ ರಾಶಿ ತೋರಿಸಿದಳು. ನಾನು ಚೀಲದಿಂದ ತೆಗೆದು ಹಿಡಿದಿದ್ದ ಹಗ್ಗ ಅವಳಿಗೆ ಕಂಡಿತು. ದನಿ ಬದಲಾಯಿತು. "ಕರ್ಕಂಡು ಹೋಗಾಕೆ ಬಂದೀರಾ?"

ರುದ್ರಣ್ಣ ಮೆಲ್ಲಗೆ, "ವಿಳಾಸ ಇಲ್ಲದೋರಿಗೆ ಬಿಡೋ ಹಂಗಿಲ್ಲ ಕಣಮ್ಮ, ನಮ್ಮ ನಿಯಮ" ಎಂದರು.

ಅವಳು ಪೈಪು ಕೆಳಗೆ ಹಾಕಿದಳು. "ನಿಯಮಾನಾ? ಆವತ್ತು ಹೊಸದುರ್ಗದಾಗೆ ಈ ಅಕ್ಕಾರು ಮರೀನ ನನ್ನ ಕೈಗೇ ಕೊಟ್ರು. ಹಾಲು ಎಷ್ಟು ಹಾಕ್ಬೇಕು, ಸೂಜಿ ಯಾವಾಗ ಅಂತ ನಂಗೇ ಹೇಳಿದ್ರು. ಬರ್ಕಂಡಿದ್ದು ಮಾತ್ರ ಸಾಹೇಬ್ರ ಹೆಸ್ರು. ಸಾಹೇಬ್ರು ಒಂದಿನಾನೂ ಇದನ್ನ ಮುಟ್ಲಿಲ್ಲ. ನಾಲ್ಕು ತಿಂಗ್ಳು ಸಿಮೆಂಟ್ ಶೆಡ್ನಾಗೆ ನಾನೂ ಇದೂ ಮಲ್ಗಿದ್ವಿ. ನಂಗೊಂದು ಮಾತೂ ಹೇಳ್ದೇನೆ ಟೆಂಪೋಗೆ ಹಾಕಿದ್ರು. ಈಗ ನೀವು ಹಗ್ಗ ತಂದೀರಿ."

ಬೆಳಿಗ್ಗೆಯಿಂದ ಹಿರಿಯೂರಿನವರ ಮೇಲೆ, ಹೊಸದುರ್ಗದವರ ಮೇಲೆ ಹರಿಹಾಯ್ದಿದ್ದ ಸಿಟ್ಟೆಲ್ಲ ನನ್ನ ಮೇಲೆಯೇ ತಿರುಗಿತು. ಅಂದು ಗೋಡೆಗೆ ನೀರು ಹಾಯಿಸುತ್ತಿದ್ದ ಒಬ್ಬಳ ಕೈಗೆ ಮರಿ ಕೊಟ್ಟದ್ದು ನೆನಪಾಯಿತು, ಮುಖ ನೆನಪಾಗಲಿಲ್ಲ. ಹೆಸರು ಕೇಳಿಯೇ ಇರಲಿಲ್ಲ. ಅವಳ ಹಿಂದಿದ್ದ ಕಾಂಪೌಂಡನ್ನು ಮಾತ್ರ ಸರಿಯಾಗಿ ನೋಡಿಕೊಂಡಿದ್ದೆ.

"ನಿಯಮ ಸುಡಲಿ ರುದ್ರಣ್ಣ, ಫಾರಂ ತೆಗೀರಿ" ಎಂದೆ. ನನ್ನ ದನಿಗೆ ಅವರು ಬೆಚ್ಚಿದರು. ಇಟ್ಟಿಗೆಯ ಮೇಲೆ ಕೂತು ನಾನೇ ಬರೆದೆ. ಹೆಸರು ತಿಮ್ಮಕ್ಕ. ವಿಳಾಸ ಕೇಳಿದೆ. "ಕೆಲಸ ಎಲ್ಲೈತೋ ಅಲ್ಲಿ" ಎಂದಳು, ಹಾಗೆಯೇ ಬರೆದೆ. ಮುಂದಿನ ಸಾಲು ಓದಬಾರದೆಂದುಕೊಂಡರೂ ಬಾಯಿಗೆ ಬಂದುಬಿಟ್ಟಿತು.

"ಕಾಂಪೌಂಡ್ ಐತಾ?"

ತಿಮ್ಮಕ್ಕ ಸುತ್ತಲ ಬಯಲು ನೋಡಿದಳು. "ಕಾಂಪೌಂಡ್ ಕಟ್ಟೋರೇ ನಾವು ಅಕ್ಕಾರೆ" ಎಂದಳು.

ಹೆಬ್ಬೆಟ್ಟು ಒತ್ತಲು ಇಂಕಿನ ಪ್ಯಾಡ್ ಚೀಲದಿಂದ ತೆಗೆದೆ. ಅವಳು ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ದುಂಡಗೆ ಸಹಿ ಮಾಡಿದಳು. ಅದಕ್ಕೂ ನನ್ನ ಮೇಲೆಯೇ ಸಿಟ್ಟು ಬಂತು.

ಸಂಜೆ ಐದೂವರೆಗೆ ಚಿತ್ರದುರ್ಗದ ಬಸ್ಸು ಸಿಕ್ಕಿತು. ಅದಕ್ಕೆ ಮೊದಲು, ಆಟೋ ಹೊರಟಾಗ ಹಿಂದಕ್ಕೆ ತಿರುಗಿ ನೋಡಿದ್ದೆ. ನಾಯಿ ನಾಲ್ಕು ಹೆಜ್ಜೆ ನಮ್ಮ ಹಿಂದೆ ಓಡಿಬಂದು ನಿಂತಿತು. ಹಿಂದಿನಿಂದ ತಿಮ್ಮಕ್ಕ ಕರೆಯಲೂ ಇಲ್ಲ, ಬಂದೇ ಬರುತ್ತದೆಂದು ಗೊತ್ತಿದ್ದವಳಂತೆ ಪೈಪು ಎತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ನಾಯಿಯೂ ತಿರುಗಿತು.